ಬಂಡೆ ಶಿಖರ ಹತ್ತುವ ಮೊದಲು ಇಳಿಯುವ ದಾರಿ ಹುಡುಕಿಕೊಳ್ಳಿ

1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಇದ್ದ ಏಳು ಜನರ ತಂಡ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಹತ್ತಿತು. ಹತ್ತುವಾಗ ಯಾರಿಗೂ ಏನೂ ಆಗಲಿಲ್ಲ. ಇಳಿಯುವಾಗ ಒಬ್ಬ ಜಾರಿದ, ಒಂದೇ ಹಗ್ಗದಲ್ಲಿದ್ದ ಇನ್ನು ಮೂವರನ್ನೂ ಎಳೆದುಕೊಂಡು ಹೋದ, ನಾಲ್ವರೂ ಸತ್ತರು. ನಡುವೆ ಹಗ್ಗ ತುಂಡಾಗಿದ್ದರಿಂದ ವಿಂಪರ್ ಮತ್ತು ಇಬ್ಬರು ಗೈಡ್‌ಗಳು ಉಳಿದುಕೊಂಡರು. ನೂರೈವತ್ತು ವರ್ಷ ಕಳೆದರೂ ಬಂಡೆ ಹತ್ತುವವರ ತಲೆಯಲ್ಲಿ ಇರುವುದು ತುದಿ ಒಂದೇ. ಇಳಿಯೋದು ಹೇಗೆ ಅಂತ ಯೋಚಿಸುವುದು ತುದಿ ಮುಟ್ಟಿ, ಫೋಟೊ ತೆಗೆದು, ನೀರು ಕುಡಿದ ಮೇಲೆ.

ಇಲ್ಲಿ ಹೇಳುತ್ತಿರುವುದು ಸ್ಕ್ರಾಂಬ್ಲಿಂಗ್ ಬಗ್ಗೆ. ಬರೀ ಕಾಲಲ್ಲಿ ಆಗುವುದಿಲ್ಲ, ಕೈಯೂ ಬೇಕು. ಹಾಗಂತ ಹೆಜ್ಜೆ ಹೆಜ್ಜೆಗೂ ಹಗ್ಗ ಬೇಕಾಗುವಷ್ಟು ಕಡಿದೂ ಅಲ್ಲ. ದಾರಿ ಎಷ್ಟು ಕಷ್ಟ ಅಂತ ಹೇಳುವ ಅಮೆರಿಕದ ಯೊಸೆಮಿಟಿ ಲೆಕ್ಕದಲ್ಲಿ ಇದು 3ನೇ ದರ್ಜೆ. 4ನೇ ದರ್ಜೆಯಲ್ಲಿ ಬಿದ್ದರೆ ಜೀವ ಹೋಗಬಹುದು, ತುಂಬ ಜನ ಅಲ್ಲಿ ಹಗ್ಗ ಬಳಸುತ್ತಾರೆ. 5 ಅಂದರೆ ಪೂರ್ತಿ ರಾಕ್ ಕ್ಲೈಂಬಿಂಗ್. ಬ್ರಿಟನ್‌ನಲ್ಲಿ ಸ್ಕ್ರಾಂಬಲ್‌ಗಳಿಗೇ 1, 2, 3 ಅಂತ ಬೇರೆ ದರ್ಜೆ ಇದೆ, ಅಲ್ಲಿಯ 3 ತುಂಬ ಕಷ್ಟದ್ದು. ಎರಡನ್ನೂ ಬೆರೆಸಿಕೊಳ್ಳಬೇಡಿ. ದಾರಿಯ ವಿವರಣೆಗಳನ್ನು ಬಹುತೇಕ ಹತ್ತುವವರ ಕಣ್ಣಿಂದಲೇ ಬರೆದಿರುತ್ತಾರೆ ಅನ್ನುವುದೂ ನೆನಪಿರಲಿ.

ಮೊದಲು ನಕ್ಷೆ

ಹೊರಡುವ ಮೊದಲೇ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆ ಹರಡಿಕೊಂಡು ಕೂತು, ತುದಿಯಿಂದ ಕೆಳಕ್ಕೆ ಬೆರಳು ಆಡಿಸಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಲೀಸು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಗೆರೆಗಳ ನಡುವಿನ ಎತ್ತರ 20 ಮೀಟರ್ ಇದ್ದರೆ, 15 ಮೀಟರಿನ ಕಡಿದಾದ ಗೋಡೆಯೊಂದು ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿಕೊಳ್ಳಬಹುದು. ನಕ್ಷೆಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಅದು ಅಲ್ಲಿಲ್ಲ ಅಂತಲ್ಲ. ಅದಕ್ಕೇ ಒಂದು ದಾರಿ ಸಾಲದು. ಮೊದಲನೆಯದು ಕೈಕೊಟ್ಟರೆ ಇನ್ನೊಂದು ಯಾವುದು ಅಂತಲೂ ಮನೆಯಲ್ಲೇ ಗುರುತಿಸಿ.

ಸಮಯಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. ಗಂಟೆಗೆ ಸುಮಾರು 5 ಕಿಲೋಮೀಟರ್, ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅದು ನಡೆಯುವವರಿಗೆ ಸರಿ. ಬಂಡೆಯ ಭಾಗಕ್ಕೆ ಅದರ ದುಪ್ಪಟ್ಟು ಇಟ್ಟುಕೊಳ್ಳಿ, ಇಳಿಯುವುದಕ್ಕೂ ಹತ್ತಿದಷ್ಟೇ ಸಮಯ ಹಿಡಿಯುತ್ತದೆ ಅಂದುಕೊಳ್ಳಿ. ಹೀಗೆ ಲೆಕ್ಕ ಹಾಕಿದರೆ ಎಷ್ಟು ಹೊತ್ತಿಗೆ ತಿರುಗಬೇಕು ಅನ್ನುವುದು ತಾನಾಗಿ ಸಿಗುತ್ತದೆ. ಆ ಹೊತ್ತು ಬಂತು ಅಂದರೆ ತುದಿ ಕಣ್ಣೆದುರೇ ಇದ್ದರೂ ತಿರುಗಿ. ಹೇಳೋದು ಸುಲಭ, ಗೊತ್ತು.

ಹತ್ತುವಾಗಲೇ ಹಿಂದೆ ನೋಡಿ

ಕೈ ಎರಡು, ಕಾಲು ಎರಡು. ಇವುಗಳಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೆ, ಒಂದು ಮಾತ್ರ ಚಲನೆಯಲ್ಲಿ. ಹಿಡಿಯುವ ಮೊದಲು ಕಲ್ಲನ್ನು ಅಂಗೈಯ ಬುಡದಿಂದ ಗುದ್ದಿ ನೋಡಿ. ಗಟ್ಟಿ ಕಲ್ಲು ಸದ್ದೇ ಮಾಡುವುದಿಲ್ಲ, ಸಡಿಲ ಕಲ್ಲು ಟೊಳ್ಳು ಸದ್ದು ಕೊಡುತ್ತದೆ, ಕೆಲವೊಮ್ಮೆ ಅಲುಗುವುದು ಕೈಗೇ ಗೊತ್ತಾಗುತ್ತದೆ. ಅನುಮಾನ ಬಂದರೆ ನಿಮ್ಮ ಕಡೆಗೆ ಎಳೆಯಬೇಡಿ. ಬೇರೆ ಹಿಡಿ ಇಲ್ಲವೇ ಇಲ್ಲ ಅಂದಾಗ ಮಾತ್ರ ಕೆಳಕ್ಕೆ ಒತ್ತಿ ಹಿಡಿಯಿರಿ. ಕಲ್ಲುಹೂವು ಹಬ್ಬಿದ ಬಂಡೆ ಒಣಗಿದ್ದಾಗ ಒಳ್ಳೆಯದೇ, ಒಂದು ಹನಿ ಮಳೆ ಬಿದ್ದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಬೆಳಗ್ಗೆ ಹತ್ತಿದ ಜಾಗದಲ್ಲೇ ಮಧ್ಯಾಹ್ನ ಇಳಿಯಲಾಗದೆ ಹೋಗುವುದು ಹೀಗೆ.

ಇನ್ನು ಮುಖ್ಯ ಮಾತು: ಇಳಿಯಲು ಆಗದ್ದನ್ನು ಹತ್ತಬೇಡಿ. ಹತ್ತುವಾಗ ಹಿಡಿಗಳು ಕಣ್ಣೆದುರೇ ಇರುತ್ತವೆ, ಇಳಿಯುವಾಗ ಅದೇ ಹಿಡಿಗಳು ಹೊಟ್ಟೆಯ ಕೆಳಗೆ, ಮೊಣಕಾಲಿನ ಆಚೆ ಎಲ್ಲೋ ಇರುತ್ತವೆ. ಕಷ್ಟದ ಜಾಗ ಬಂದರೆ ಎರಡು ಹೆಜ್ಜೆ ಹತ್ತಿ, ಮತ್ತೆ ಇಳಿದು ನೋಡಿ. ಇಳಿಯಲು ಬಂತಾ, ಮುಂದೆ ಹೋಗಿ. ಬರಲಿಲ್ಲವಾ, ಬೇರೆ ದಾರಿ ಹುಡುಕಿ. ದಾರಿ ಕವಲೊಡೆದಲ್ಲಿ, ಏಣಿನಿಂದ (ಬೆಟ್ಟದ ಉದ್ದನೆಯ ಬೆನ್ನಿನಿಂದ) ಪಕ್ಕಕ್ಕೆ ತಿರುಗಿದಲ್ಲಿ, ಒಮ್ಮೆ ನಿಂತು ಕೆಳಕ್ಕೆ ನೋಡಿ ಫೋಟೊ ತೆಗೆದುಕೊಳ್ಳಿ. ಮೇಲಕ್ಕೆ ನೋಡಿ ತೆಗೆದ ಫೋಟೊ ಚೆನ್ನಾಗಿ ಬರುತ್ತದೆ, ಇಳಿಯುವಾಗ ಮಾತ್ರ ಉಪಯೋಗಕ್ಕೆ ಬರುವುದಿಲ್ಲ.

ತುದಿಯಲ್ಲಿ ನಿಂತು ಆಯ್ಕೆ

ಜನ ದಾರಿ ತಪ್ಪುವುದು ಇಲ್ಲೇ ಜಾಸ್ತಿ. ಹತ್ತುವಾಗ ಏಣುಗಳೆಲ್ಲ ಒಂದಕ್ಕೊಂದು ಸೇರಿಕೊಂಡು ತುದಿಗೇ ಬರುತ್ತವೆ, ಸ್ವಲ್ಪ ತಪ್ಪಿದರೂ ಬೆಟ್ಟವೇ ದಾರಿಗೆ ತರುತ್ತದೆ. ಇಳಿಯುವಾಗ ಪೂರಾ ಉಲ್ಟಾ. ಅದೇ ಏಣು ಎರಡಾಗಿ, ನಾಲ್ಕಾಗಿ ಸೀಳುತ್ತಾ ಹೋಗುತ್ತದೆ, ಮೇಲೆ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದದ್ದು ಕೆಳಗೆ ಬೇರೆಯದೇ ಕಣಿವೆಗೆ ತಂದು ಬಿಡುತ್ತದೆ. ಹಾಗಾಗಿ ಹೊರಡುವ ಮೊದಲು ದಿಕ್ಸೂಚಿ ಹಿಡಿದು ದಿಕ್ಕು ನೋಡಿ, ಮೋಡ ಕವಿದಿದ್ದರಂತೂ ಇದನ್ನು ಬಿಡಲೇಬೇಡಿ. ಮೊದಲ ನೂರು ಮೀಟರ್ ಸರಿಯಾದರೆ ಅರ್ಧ ಕೆಲಸ ಆದ ಹಾಗೆ.

ಆಯ್ಕೆಗಳು ಸಾಮಾನ್ಯವಾಗಿ ಮೂರು. ಇನ್ನೊಂದು ಬದಿಯಲ್ಲಿ ನಡೆದೇ ಇಳಿಯಬಹುದಾದ ಸಲೀಸು ದಾರಿ ಇದೆಯೆಂದು ಖಚಿತವಾಗಿ ಗೊತ್ತಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಹತ್ತಿದ ದಾರಿ: ಬೇಜಾರು ಅನಿಸಬಹುದು, ಆದರೆ ಅಲ್ಲಿ ಏನಿದೆ ಅಂತ ನಿಮಗೆ ಗೊತ್ತು. ಮೂರನೆಯದು ಕೊರಕಲು. ಮೇಲಿಂದ ನೋಡಿದರೆ ನೇರ ಕೆಳಗಿನವರೆಗೆ ಯಾರೋ ದಾರಿ ಮಾಡಿಟ್ಟಂತೆ ಕಾಣುತ್ತದೆ, ಅಲ್ವಾ? ಅದು ನೀರು ಮಾಡಿಕೊಂಡ ದಾರಿ. ನೀರಿಗೆ ಧುಮುಕುವುದು ಕಷ್ಟವಲ್ಲ, ನಿಮಗೆ ಕಷ್ಟ. ಅರ್ಧ ಇಳಿದ ಮೇಲೆ ನಡುವೆ ಸಿಕ್ಕಿಕೊಂಡ ದೊಡ್ಡ ಗುಂಡುಕಲ್ಲು, ಅದರಾಚೆ ಪ್ರಪಾತ. ಮೇಲಿಂದ ಉರುಳುವ ಕಲ್ಲುಗಳೆಲ್ಲ ಹಾಯುವುದೂ ಇದರೊಳಗೇ. ತಳದವರೆಗೆ ಪೂರ್ತಿ ಕಾಣದ ಕೊರಕಲಿಗೆ ನಾನಂತೂ ಇಳಿಯಬೇಡಿ ಅಂತಲೇ ಹೇಳುತ್ತೇನೆ.

ಹೊರಕ್ಕೆ ಉಬ್ಬಿಕೊಂಡ ಇಳಿಜಾರೂ ಹೀಗೇ ಮೋಸ ಮಾಡುತ್ತದೆ. ಹೋದಂತೆ ಕಡಿದಾಗುತ್ತದೆ, ಮುಂದಿನದು ಉಬ್ಬಿನ ಆಚೆ ಅಡಗಿರುತ್ತದೆ. ಕಲ್ಲು ಪೇರಿಸಿದ ಗುರುತು ಕಂಡ ತಕ್ಷಣ ನಂಬಬೇಡಿ, ಸುಮ್ನೆ ಯಾರು ಬೇಕಾದರೂ ಪೇರಿಸಿರಬಹುದು, ದಾರಿ ತಪ್ಪಿದವರೂ ಸೇರಿ.

ಇಳಿಯುವುದು

ಸುಲಭದ ಜಾಗದಲ್ಲಿ ಹೊರಗೆ ಮುಖ ಮಾಡಿ ಇಳಿಯಿರಿ, ಮುಂದಿನ ಹೆಜ್ಜೆ ಕಾಣುತ್ತದೆ. ಸ್ವಲ್ಪ ಕಡಿದಾದರೆ ಪಕ್ಕಕ್ಕೆ ತಿರುಗಿ. ಇನ್ನೂ ಕಡಿದಾದರೆ ಏಣಿ ಇಳಿಯುವ ಹಾಗೆ ಬಂಡೆಗೆ ಮುಖ ಮಾಡಿ, ಆಗಾಗ ಮೈಯನ್ನು ಸ್ವಲ್ಪ ಹೊರಕ್ಕೆ ತಂದು ಕಾಲಿಡುವ ಜಾಗ ನೋಡಿಕೊಳ್ಳಿ. ಹೆದರಿ ಬಂಡೆಗೆ ಅಂಟಿಕೊಂಡರೆ ಕಾಲೇ ಕಾಣುವುದಿಲ್ಲ. ಟ್ರೆಕ್ಕಿಂಗ್ ಕೋಲುಗಳನ್ನು ಬ್ಯಾಗಿನೊಳಗೆ ಹಾಕಿ, ಮಣಿಕಟ್ಟಿಗೆ ನೇತಾಡುವ ಕೋಲು ಬಿರುಕಿಗೆ ಸಿಕ್ಕಿ ಆಯ ತಪ್ಪಿಸುತ್ತದೆ.

ಜಲ್ಲಿ ತುಂಬಿದ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯಲ್ಲಿ, ಇನ್ನೇನು ಜಾರಬೇಕು ಅನ್ನುವ ಸ್ಥಿತಿಯಲ್ಲೇ ನಿಂತಿರುತ್ತದೆ. ಸಣ್ಣ ಜಲ್ಲಿಯಾದರೆ ಹಿಮ್ಮಡಿ ಊರಿಕೊಂಡು ಬೇಗ ಇಳಿಯಬಹುದು. ದೊಡ್ಡ ಕಲ್ಲಾದರೆ ನಿಧಾನ. ಒಬ್ಬರ ಹಿಂದೆ ಒಬ್ಬರು ನೇರ ಸಾಲಿನಲ್ಲಿ ಇಳಿಯಬೇಡಿ. ಒಂದೋ ಹತ್ತಿರ ಹತ್ತಿರ ಇರಿ, ಕಲ್ಲು ಉರುಳಿದರೂ ವೇಗ ಹಿಡಿಯುವ ಮೊದಲೇ ನಿಲ್ಲಿಸಬಹುದು, ಇಲ್ಲಾ ಒಬ್ಬೊಬ್ಬರಾಗಿ ಇಳಿದು ಪಕ್ಕಕ್ಕೆ ಸರಿಯಿರಿ. ಕಲ್ಲು ಜಾರಿದರೆ ಯಾರ ಕಾಲಿನಿಂದ ಅಂತ ನೋಡದೆ "ಕಲ್ಲು!" ಅಂತ ಕೂಗಿ. ಹೆಲ್ಮೆಟ್ ಇರುವುದು ಇದಕ್ಕೇ.

ಗುಡುಗಿದರೆ ಎಣಿಸಿ. ಮಿಂಚಿಗೂ ಸದ್ದಿಗೂ ನಡುವೆ 3 ಸೆಕೆಂಡ್ ಅಂದರೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಆದರೆ ಏಣಿನ ಮೇಲೆ ಇರಬೇಡಿ.

ಮುಂದೆ ಹೋಗಲಾಗದ ಜಾಗಕ್ಕೆ ಬಂದರೆ, ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ ಹಾರಬೇಡಿ, ಜಾರಬೇಡಿ. ದಣಿದಿದ್ದರೂ ಗೊತ್ತಿರುವ ಜಾಗದವರೆಗೆ ವಾಪಸ್ ಹತ್ತಿ. ಅದೂ ಆಗದಿದ್ದರೆ ಅಲ್ಲೇ ಭದ್ರವಾಗಿ ಕೂತು, ಇರುವ ಬಟ್ಟೆಯೆಲ್ಲ ಹಾಕಿಕೊಂಡು, ವಿಸಿಲ್ ತೆಗೆಯಿರಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕತ್ತಲಾದರೆ ಇದೇ ಲೆಕ್ಕದಲ್ಲಿ ಟಾರ್ಚ್ ಮಿನುಗಿಸಿ. ಆ ಕಡೆಯಿಂದ ನಿಮಿಷಕ್ಕೆ ಮೂರು ಸಲ ಉತ್ತರ ಬಂತು ಅಂದರೆ ಕೇಳಿಸಿದೆ ಎಂದರ್ಥ. ಆದರೂ ನಿಲ್ಲಿಸಬೇಡಿ, ಅವರು ನಿಮ್ಮ ಹತ್ತಿರ ಬರುವವರೆಗೂ ಊದುತ್ತಲೇ ಇರಿ, ಬರುವವರು ಆ ಸದ್ದನ್ನೇ ಹಿಡಿದು ಬರಬೇಕು.