ಗೊಬ್ಬರದಂಗಡಿ ಸಾಮಾನಿನಲ್ಲಿ ಒಂದು ಬ್ಯಾಟರಿ

ತಾವರಗೇರಾದ ನನ್ನ ಗೊಬ್ಬರದಂಗಡಿಗೆ ಎರಡು ಥರದ ಗಿರಾಕಿಗಳು. ಕುಷ್ಟಗಿ ಕಡೆಯ ದಾಳಿಂಬೆ ತೋಟದವರು ಮೈಲುತುತ್ತ (ತಾಮ್ರದ ಸಲ್ಫೇಟ್) ಒಯ್ಯುತ್ತಾರೆ, ಕಾಲುವೆ ಕಡೆಯ ಭತ್ತದವರು ಜಿಂಕ್ ಸಲ್ಫೇಟ್ (ಸತುವಿನ ಸಲ್ಫೇಟ್) ಒಯ್ಯುತ್ತಾರೆ. ಈ ಎರಡು ಚೀಲ ಇದ್ದರೆ ಬ್ಯಾಟರಿಯ ಅರ್ಧ ಸಾಮಾನು ಸಿಕ್ಕಿದಂತೆಯೇ ಎಂದು ಹೊಳೆದದ್ದು ಮಗಳ ಪಿಯುಸಿ ಪುಸ್ತಕ ತಿರುವಿ ಹಾಕುವಾಗ.

ಮೊದಲು ಕುಡುಗೋಲಿನ ವಿಷಯ. ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲಸಿದ ಮೇಲೆ ತಿಕ್ಕಿದ ಕುಡುಗೋಲಿನ ತುದಿ ಅದ್ದಿ ನೋಡುತ್ತಾರೆ. ತುದಿ ಕೆಂಪಾದರೆ, "ಇನ್ನಾ ಸುಣ್ಣ ಬೇಡ್ತೈತ್ರಿ ಸಾವ್ಕಾರ್ರ" ಅನ್ನುತ್ತಾರೆ. ಆ ಕೆಂಪು ಬೇರೇನಲ್ಲ, ತಾಮ್ರ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ, ನೀರಲ್ಲಿದ್ದ ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಅವನ್ನು ಹಿಡಿದು ಲೋಹವಾಗಿ ಕುಡುಗೋಲಿಗೆ ಕೂರುತ್ತದೆ. ಕೊಡುವವರೂ ಇಸಿದುಕೊಳ್ಳುವವರೂ ಒಂದೇ ಕಟ್ಟೆಯ ಮೇಲೆ ಕೂತಿದ್ದರೆ ವ್ಯವಹಾರ ಕೈಯಿಂದ ಕೈಗೇ ಮುಗಿದುಹೋಗುತ್ತದೆ, ನಮಗೇನೂ ದಕ್ಕುವುದಿಲ್ಲ. ಇಬ್ಬರ ನಡುವೆ ಗೋಡೆ ಎಬ್ಬಿಸಿ, ಎಲೆಕ್ಟ್ರಾನುಗಳು ತಂತಿಯಲ್ಲೇ ಸುತ್ತುಹಾಕಿ ಹೋಗಬೇಕು ಎಂದು ಮಾಡಿದರೆ ಅದೇ ವಿದ್ಯುತ್ಕೋಶ.

ಇಟಲಿಯ ವಿಜ್ಞಾನಿ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನ ತೇವ ಇಟ್ಟು ಕರೆಂಟು ತೆಗೆದಿದ್ದ. ಆದರೆ ಒಂದು ಲೋಹದ ಮೇಲೆ ಹೈಡ್ರೋಜನ್ ಗುಳ್ಳೆ ಕಟ್ಟಿ ಬೇಗ ಸೊರಗುತ್ತಿತ್ತು. 1836ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಡೇನಿಯಲ್ ಸತುವಿಗೆ ಬೇರೆ ದ್ರಾವಣ, ತಾಮ್ರಕ್ಕೆ ಮೈಲುತುತ್ತದ ದ್ರಾವಣ ಮಾಡಿದ. ನಡುವಿನ ಗೋಡೆಗೆ ಆತ ಮೊದಲು ಬಳಸಿದ್ದು ಎತ್ತಿನ ಅನ್ನನಾಳ. ನಮಗೆ ಕುಂಬಾರರ ಸಣ್ಣ ಕುಡಿಕೆ ಸಾಕು, ಆದರೆ ಬಣ್ಣ ಹಚ್ಚಿರಬಾರದು. ಕಾಲು ಗಂಟೆ ನೀರಲ್ಲಿ ನೆನೆಹಾಕಿ.

ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ 100 ಮಿಲಿ ಬಿಸಿನೀರಿಗೆ 25 ಗ್ರಾಂ ಮೈಲುತುತ್ತ ಕರಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಅದನ್ನೇ ತಿನ್ನುತ್ತದೆ. ಇನ್ನೊಂದು ಬಾಟಲಿಯ 100 ಮಿಲಿಗೆ ಜಿಂಕ್ ಸಲ್ಫೇಟ್. ಇಲ್ಲಿ ಚೀಲ ಓದಿ: ಜಿಂಕ್ ಶೇ. 21 ಎಂದಿದ್ದರೆ 29 ಗ್ರಾಂ, ಶೇ. 33 ಎಂದಿದ್ದರೆ 18 ಗ್ರಾಂ. ಎರಡನೆಯದರ ಹರಳಿನಲ್ಲಿ ನೀರಿನಂಶ ಕಡಿಮೆ, ಅಷ್ಟೇ. ಚಿಲೇಟೆಡ್ ಜಿಂಕ್ (ಸತುವನ್ನು ಬೇರೆ ಅಣುವಿಗೆ ಕಟ್ಟಿಹಾಕಿದ ಗೊಬ್ಬರ) ತರಬೇಡಿ.

ಸತುವಿನ ಪಟ್ಟಿಗೆ ಸತ್ತ ಅಗ್ಗದ ಟಾರ್ಚ್ ಸೆಲ್ಲಿನ ಒಳಡಬ್ಬಿ ಬಿಚ್ಚಿ, ಕಪ್ಪು ಪುಡಿ ತೊಳೆದು, ಹೊಳೆಯುವವರೆಗೆ ಸ್ಯಾಂಡ್‌ಪೇಪರಿನಿಂದ ತಿಕ್ಕಿ. ಆಲ್ಕಲೈನ್ ಸೆಲ್, ಮೊಬೈಲ್ ಬ್ಯಾಟರಿ ಒಡೆಯಲು ಹೋಗಬೇಡಿ.

ತಾಮ್ರದ ತಂತಿಯಲ್ಲಿ ನಾನೇ ಮೋಸಹೋದೆ. ಮೋಟರ್ ರಿವೈಂಡಿಂಗ್ ಮಾಡುವಲ್ಲಿಂದ ಒಂದು ಹಿಡಿ ತಂತಿ ತಂದು, ಚಂದಗೆ ಸುರುಳಿ ಸುತ್ತಿ ಇಳಿಬಿಟ್ಟೆ. ಮೀಟರಿನಲ್ಲಿ ಸೊನ್ನೆ. ದ್ರಾವಣ ಬದಲಿಸಿದೆ, ಕುಡಿಕೆ ಬದಲಿಸಿದೆ, ಮೀಟರಿಗೆ ಹೊಸ ಸೆಲ್ಲು ಹಾಕಿದೆ. ರಾತ್ರಿ ಊಟಕ್ಕೆ ಕೂತಾಗ ಮಗಳು, "ಅಪ್ಪಾ, ಆ ತಂತಿಗೆ ವಾರ್ನಿಶ್ ಇರ್ತದಲ್ಲ" ಅಂದಳು. ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಬಾರದೆಂದೇ ಹಚ್ಚಿದ ಲೇಪ ಅದು. ತಂತಿಯನ್ನು ಉದ್ದಕ್ಕೂ ಕೆರೆದ ಮೇಲೆ ಸೂಜಿ ಎದ್ದಿತು.

ಇನ್ನು ಜೋಡಣೆ. ಗಾಜಿನ ಬಾಟಲಿಯ ನೀಲಿ ದ್ರಾವಣದಲ್ಲಿ ತಾಮ್ರದ ಸುರುಳಿ, ಅದರ ನಡುವೆ ಕುಡಿಕೆ, ಕುಡಿಕೆಯೊಳಗೆ ಜಿಂಕ್ ದ್ರಾವಣ, ಅದರಲ್ಲಿ ಸತು. ಎರಡೂ ದ್ರಾವಣ ಒಂದೇ ಮಟ್ಟಕ್ಕಿರಲಿ, ಕುಡಿಕೆಯ ಬಾಯಿ ಮುಳುಗಬಾರದು. ಮೀಟರಿನ ಕೆಂಪು ಕಡ್ಡಿ ತಾಮ್ರಕ್ಕೆ, ಕಪ್ಪು ಸತುವಿಗೆ. 1.1 ವೋಲ್ಟಿನ ಆಸುಪಾಸು ತೋರಿಸಬೇಕು. ಈ ಅಂಕಿ ಎಲ್ಲಿಂದ ಬಂತು? ಎಲೆಕ್ಟ್ರಾನ್ ಎಳೆದುಕೊಳ್ಳುವ ಆಸೆಯ ಪಟ್ಟಿಯಲ್ಲಿ ತಾಮ್ರಕ್ಕೆ +0.34 ವೋಲ್ಟ್, ಸತುವಿಗೆ –0.76. ಅಂತರ 1.10. ಕಬ್ಬಿಣ –0.44ರಲ್ಲಿ ನಡುವೆ ನಿಲ್ಲುತ್ತದೆ. ಬಾಟಲಿ ದೊಡ್ಡದಾದರೆ ವೋಲ್ಟ್ ಏರುವುದಿಲ್ಲ. ಕೆಂಪು ಎಲ್‌ಇಡಿಗೆ 1.8 ವೋಲ್ಟಿನಷ್ಟು ಬೇಕು, ಹಾಗಾಗಿ ಇಂಥವೇ ಎರಡು ಮಾಡಿ ಒಂದರ ತಾಮ್ರವನ್ನು ಇನ್ನೊಂದರ ಸತುವಿಗೆ ಕಟ್ಟಿ. ಮಣ್ಣಿನ ಗೋಡೆ ಕರೆಂಟನ್ನು ತಡೆಯುವುದರಿಂದ ಬೆಳಕು ಮಂದ. ಕರೆಂಟು ಹೋದ ಹೊತ್ತಿನಲ್ಲಿ ನೋಡಿದರೆ ಚಂದ.

ಪುಸ್ತಕದ ಮಾತಿನಲ್ಲಿ, ಸತು ಕರಗುವ ಕಡೆ ಆನೋಡ್, ಅಲ್ಲಿ ಉತ್ಕರ್ಷಣೆ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವುದು. ತಾಮ್ರ ಕೂರುವ ಕಡೆ ಕ್ಯಾಥೋಡ್, ಅಲ್ಲಿ ಅಪಕರ್ಷಣೆ, ಅಂದರೆ ಎಲೆಕ್ಟ್ರಾನ್ ಹಿಡಿದುಕೊಳ್ಳುವುದು. ಹಾಗಾದರೆ ಕುಡಿಕೆಗೆ ರಂಧ್ರಗಳೇಕೆ? ನನಗೆ ಇದು ಜಮಾ-ಖರ್ಚಿನ ವಹಿಯಂತೆ ಕಂಡಿತು. ಸತುವಿನ ಕಡೆ ಧನ ಅಯಾನು ಹೆಚ್ಚುತ್ತಾ ಹೋಗುತ್ತದೆ, ತಾಮ್ರದ ಕಡೆ ಋಣ ಅಯಾನಾದ ಸಲ್ಫೇಟ್ ಒಂಟಿಯಾಗಿ ಉಳಿಯುತ್ತದೆ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಅಯಾನುಗಳು ಓಡಾಡಿ ಎರಡೂ ಬದಿ ತಾಳೆಯಾಗದಿದ್ದರೆ ವ್ಯಾಪಾರ ಅಲ್ಲೇ ನಿಲ್ಲುತ್ತದೆ. ನಂಬಿಕೆ ಬಾರದಿದ್ದರೆ ಕುಡಿಕೆಯ ಬದಲು ಗಾಜಿನ ಲೋಟ ಇಟ್ಟು ನೋಡಿ. ಎಲ್‌ಇಡಿ ಹತ್ತುವುದಿಲ್ಲ.

ತಕ್ಕಡಿ ಹಿಡಿಯುವವನಿಗೆ ತೂಕದ ಲೆಕ್ಕ ಬೇಕೇಬೇಕು. ಒಂದು ಆಂಪಿಯರ್ ಕರೆಂಟು ಒಂದು ತಾಸು ಹರಿಯಲು ಸುಮಾರು 1.2 ಗ್ರಾಂ ಸತು ಕರಗಬೇಕು, ಹೆಚ್ಚುಕಡಿಮೆ ಅಷ್ಟೇ ತಾಮ್ರ ಸುರುಳಿಗೆ ಸೇರುತ್ತದೆ. ನಮ್ಮ ಕುಡಿಕೆ ಕೊಡುವುದು ಕೆಲವೇ ಮಿಲಿಆಂಪಿಯರ್, ಹಾಗಾಗಿ ಸತು ಬಹಳ ದಿನ ಬರುತ್ತದೆ.

ಮೈಲುತುತ್ತ ವಿಷ. ಅಡುಗೆಮನೆಯ ಲೋಟ, ಚಮಚ ಇದಕ್ಕೆ ಬಳಸಬೇಡಿ, ಕೈಗವಸು ಹಾಕಿಕೊಳ್ಳಿ. ಉಳಿದದ್ದನ್ನು ಕಾಲುವೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಹೆಸರು ಬರೆದ ಬಾಟಲಿಗೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಮತ್ತೆ ಬಳಸಬಹುದು.

ಆಟ ಮುಗಿದ ಕೂಡಲೇ ಸತುವನ್ನು ಎತ್ತಿ ಒರೆಸಿಡಿ. ನಾನು ಒಮ್ಮೆ ಮರೆತು ಮಲಗಿದೆ. ಬೆಳಿಗ್ಗೆ ನೋಡಿದರೆ ಕುಡಿಕೆಯೊಳಗೂ ನೀಲಿ ಜಿನುಗಿತ್ತು, ಸತುವಿನ ಮೈತುಂಬ ಕಂದು ಮಡ್ಡಿ. ಉಗುರಲ್ಲಿ ಕೆರೆದರೆ ಒಳಗೆ ಕುಡುಗೋಲಿನ ತುದಿಯದೇ ಕೆಂಪು.