ರೋಬಸ್ಟಾ ಬೊಡ್ಡೆಯಿಂದ ಹಿತ್ತಾಳೆ ತಲೆಯ ಪೆನ್ನು ಮಾಡುವುದು ಹೇಗೆ

ಅಮೆರಿಕದ ಕಡೆ ರೈಫಲ್‌ನ ಖಾಲಿ ಕಾಟ್ರಿಜ್‌ಗೆ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕವಚಕ್ಕೆ, ಮರದ ತುಂಡು ಜೋಡಿಸಿ ಪೆನ್ನು ಮಾಡುತ್ತಾರೆ. ನೋಡಲು ತುಂಬಾ ಚೆನ್ನಾಗಿರುತ್ತದೆ. .308 ಅಳತೆಯ ರೈಫಲ್ ಕಾಟ್ರಿಜ್ 51 ಮಿ.ಮೀ. ಉದ್ದ, ಅದರ ಕತ್ತಿನೊಳಗೆ ಪೆನ್ ಕಿಟ್‌ನ (ಪೆನ್ನಿನ ಬಿಡಿಭಾಗಗಳ ಪೊಟ್ಟಣದ) 7 ಮಿ.ಮೀ. ಕೊಳವೆ ಸಲೀಸಾಗಿ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಲೈಸೆನ್ಸ್ ಇರುವ ಕೋವಿ ಇರುತ್ತದಲ್ವಾ, ನಾವೂ ಹಾಗೇ ಮಾಡಬಹುದಲ್ಲ ಅನ್ನಿಸುತ್ತದೆ. ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತದೆ. ಅಂಥ ಪೆನ್ನು ಜೇಬಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋದರೆ ಸುಮ್ನೆ ತೊಂದರೆ. ಮೇಲಾಗಿ ತೋಟದ ಕೋವಿ ಸಾಮಾನ್ಯವಾಗಿ 12 ಬೋರ್, ಅದರ ಕಾಟ್ರಿಜ್ ಪೆನ್ನಿಗೆ ತೀರಾ ದಪ್ಪ.

ಅದೇ ಆಕಾರವನ್ನು ಹಿತ್ತಾಳೆ ಸರಳಿನಲ್ಲಿ ಮಾಡಿಸಬಹುದು. ಮೇಲಿನ ಅರ್ಧ ಹಿತ್ತಾಳೆ, ಕೆಳಗಿನ ಅರ್ಧ ಕಾಫಿ ಮರ. ನಮ್ಮೂರಿನ ಪೆನ್ನು ಅಂದರೆ ಅದೇ ಅಲ್ವಾ?

ಈ ಕೆಲಸದಲ್ಲಿ ಲೇತ್ ಮೇಲೆ ಆಗುವುದು ಕಡಿಮೆ, ಅದಕ್ಕೆ ಮೊದಲು ಆಗುವುದೇ ಜಾಸ್ತಿ. ಮರ ಒಣಗಿಸುವ ಬಗ್ಗೆ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಹಾರಿಸಿ ಓದಬೇಡಿ. ಮರ ತೇವ ಬಿಟ್ಟಂತೆ ಕುಗ್ಗುತ್ತದೆ. ಒಳಗಿರುವ ಹಿತ್ತಾಳೆ ಕೊಳವೆ ಕುಗ್ಗುವುದಿಲ್ಲ. ಅರೆ ಒಣಗಿದ ತುಂಡಿಗೆ ಕೊಳವೆ ಅಂಟಿಸಿದರೆ ಪೆನ್ನು ಆವತ್ತು ಚೆನ್ನಾಗೇ ಕಾಣುತ್ತದೆ, ಆಮೇಲೆ ಬೆಂಗಳೂರಿನ ಯಾವುದೋ ಎ.ಸಿ. ಆಫೀಸಿಗೆ ಹೋಗಿ ಉದ್ದಕ್ಕೆ ಸೀಳು ಬಿಡುತ್ತದೆ.

ಹಳೇ ರೋಬಸ್ಟಾ ಗಿಡ ಕಿತ್ತಾಗ ಸಿಗುವ ಬೊಡ್ಡೆ ತಗೊಳ್ಳಿ. ಕಾಫಿ ಮರ ತಿಳಿ ಬಣ್ಣದ್ದು, ಗಟ್ಟಿ, ಎಳೆ ತುಂಬಾ ನಯ. ಅರೇಬಿಕಾ ಆದರೂ ಆಗುತ್ತದೆ, ಆದರೆ ಬಿಳಿ ಕಾಂಡಕೊರಕ ಹೊಕ್ಕ ಗಿಡ ಮಾತ್ರ ಬೇಡವೇ ಬೇಡ. ಅದನ್ನು ಕಿತ್ತು ಸುಡಬೇಕು. ಒಂದು ಪೆನ್ನಿನ ಆಸೆಗೆ ಆ ಕಾಂಡವನ್ನು ಮನೆಯಲ್ಲಿಟ್ಟುಕೊಂಡರೆ ಹುಳ ದುಂಬಿಯಾಗಿ ಹೊರಬಂದು ಪಕ್ಕದವರ ತೋಟಕ್ಕೂ ಹೋಗುತ್ತದೆ. ರೋಬಸ್ಟಾಕ್ಕೆ ಈ ಕಾಟ ತೀರಾ ಕಡಿಮೆ.

ಕೊಯ್ಲು ಮುಗಿದು ಬಿಸಿಲು ಏರುವ ಮಾರ್ಚ್ ಹೊತ್ತಿಗೆ ಬೊಡ್ಡೆ ಕುಯ್ದರೆ ಮಳೆಗೆ ಮೊದಲು ಒಂದಷ್ಟು ತಿಂಗಳು ಸಿಗುತ್ತವೆ. ನಡುವಿನ ತಿರುಳು ಬಿಟ್ಟು ತುಂಡು ಮಾಡಿ, ಬಿರುಕು ಶುರುವಾಗುವುದೇ ಅಲ್ಲಿಂದ. 20 ಮಿ.ಮೀ. ಚೌಕ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ ಸಾಕು. ಎರಡೂ ತುದಿಗೆ ಕರಗಿಸಿದ ಮೇಣ ಹಚ್ಚಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಬಿಸಿಲಿಗೆ ಇಡಬೇಡಿ. ಅಟ್ಟದ ಮೇಲೆ ಗಾಳಿಯಾಡುವ ಹಾಗೆ ಇಡಿ, ಕೆಳಗೆ ಸೌದೆ ಒಲೆ ಇದ್ದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು. ಆದರೆ ನಮ್ಮ ಜುಲೈ ಮಳೆಯಲ್ಲಿ ಒಣಗಿದ ಮರವೂ ಮತ್ತೆ ತೂಕ ಏರುತ್ತದೆ. ಹಾಗಾಗಿ ಒಣಗಿದ ತಕ್ಷಣ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿಡಿ, ಕೊಳವೆ ಅಂಟಿಸುವ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಕಾಯುವ ತಾಳ್ಮೆ ಇಲ್ಲದಿದ್ದರೆ ಆಚಾರಿ ಹತ್ತಿರ ಹಳೇ ಬಾಗಿಲು ಕಿಟಕಿಯ ಹಲಸು, ತೇಗದ ಚೂರು ಕೇಳಿ, ಅದು ಆಗಲೇ ಒಣಗಿರುತ್ತದೆ.

ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸ್ಲಿಮ್‌ಲೈನ್ ಅಂತ ಹುಡುಕಿ. ಎರಡು 7 ಮಿ.ಮೀ. ಕೊಳವೆ, ನಿಬ್ ತುದಿ, ತಿರುಗಿಸುವ ಭಾಗ, ನಡುಪಟ್ಟಿ, ಕ್ಲಿಪ್, ರೀಫಿಲ್ ಬರುತ್ತವೆ. ಮ್ಯಾಂಡ್ರೆಲ್ (ತುಂಡನ್ನು ಲೇತ್‌ಗೆ ಏರಿಸುವ ಸಣ್ಣ ಸರಳು), ಬುಶ್ (ತುಂಡಿನ ತುದಿ ಎಷ್ಟು ದಪ್ಪ ಇರಬೇಕು ಅಂತ ತೋರಿಸುವ ಬಳೆ) ಬೇರೆ ತಗೊಳ್ಳಬೇಕು.

ಹಿತ್ತಾಳೆ ಭಾಗವನ್ನು ಕಬ್ಬಿಣದ ಕೆಲಸದ ಲೇತ್ ಅಂಗಡಿಯಲ್ಲಿ ಮಾಡಿಸಿ. 12 ಮಿ.ಮೀ. ಸರಳು, ಉದ್ದ ಕಿಟ್ ಕೊಳವೆಯಷ್ಟೇ, ನಡುವೆ 7 ಮಿ.ಮೀ. ತೂತು. ಹೊರಗೆ ಕಾಟ್ರಿಜ್ ಹಾಗೆ ದಪ್ಪ ಮೈ ಇಳಿಯುವ ಭುಜ, ಅದರಾಚೆ ಸಣ್ಣ ಕತ್ತು. ಕತ್ತು ನಡುಪಟ್ಟಿ ಕಡೆ ಬರಬೇಕು. ಎರಡೂ ತುದಿ ಬುಶ್ ಅಳತೆಗೇ ಇಳಿಯಬೇಕು, ಬಾಯಲ್ಲಿ ಹೇಳಬೇಡಿ, ಬುಶ್ ಕೈಗೆ ಕೊಟ್ಟು ಚಿತ್ರ ಬರೆದು ತೋರಿಸಿ.

ಈಗ ಮರ. ತುಂಡನ್ನು ಕೊಳವೆಗಿಂತ ಒಂಚೂರು ಉದ್ದ ಇರುವ ಹಾಗೆ ಕುಯ್ದು, 7 ಮಿ.ಮೀ. ಬಿಟ್ ಹಾಕಿ ನಿಧಾನ ತೂತು ಕೊರೆಯಿರಿ, ಒಂದೆರಡು ಸೆಂಟಿಮೀಟರಿಗೊಮ್ಮೆ ಬಿಟ್ ಹೊರಗೆಳೆದು ಪುಡಿ ಉದುರಿಸಿ. ಒಂದೇ ಸಮ ಒತ್ತಿದರೆ ಒಳಗೆ ಬಿಸಿಯಾಗಿ ಮರ ಬಿರಿಯುತ್ತದೆ. ಕೊಳವೆ ಮೈಯನ್ನು ಸ್ಯಾಂಡ್ ಪೇಪರಿನಲ್ಲಿ ತರಿ ಮಾಡಿ, ಅಂಟು ಒಳಗೆ ಹೋಗದ ಹಾಗೆ ಬಾಯಿಯನ್ನು ಆಲೂಗಡ್ಡೆ ಹೋಳಿಗೆ ಒತ್ತಿ ಮುಚ್ಚಿ, ಅರಾಲ್ಡೈಟ್ ಅಂಟು ಹಚ್ಚಿ ತಿರುಗಿಸುತ್ತಾ ಒಳಗೆ ತೂರಿಸಿ. ಹಿತ್ತಾಳೆ ಭಾಗಕ್ಕೂ ಹೀಗೇ. ರಾತ್ರಿಯಿಡೀ ಬಿಡಿ. ಆಮೇಲೆ ಆಲೂಗಡ್ಡೆ ಕೆರೆದು ತೆಗೆದು ತುದಿಗಳನ್ನು ಬ್ಯಾರೆಲ್ ಟ್ರಿಮ್ಮರ್‌ನಲ್ಲಿ ನೇರ ಮಾಡಿ, ಕೊಳವೆ ಹೊಳೆಯುವುದು ಕಾಣಿಸಿದ ಕೂಡಲೇ ನಿಲ್ಲಿಸಿ. ತುದಿ ಒಂದು ಎಳೆಯಷ್ಟು ಓರೆಯಿದ್ದರೂ ಜೋಡಿಸಿದಾಗ ಸಂದು ಕಾಣುತ್ತದೆ, ಅದನ್ನು ಯಾವ ಪಾಲಿಶ್ ಕೂಡ ಮುಚ್ಚುವುದಿಲ್ಲ.

ಲೇತ್‌ಗೆ ಏರಿಸಿದಾಗ ಮ್ಯಾಂಡ್ರೆಲ್ ನಟ್ ಜಾಸ್ತಿ ಬಿಗಿಯಬೇಡಿ, ಸಣ್ಣ ಸರಳು ಬಾಗಿ ಪೆನ್ನು ಮೊಟ್ಟೆಯಾಕಾರಕ್ಕೆ ಬರುತ್ತದೆ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ತೋಳು ಮಡಚಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ. ಮೂಲೆಗಳು ಹೋಗಿ ದುಂಡಗಾಗುವವರೆಗೆ ವೇಗ ಕಡಿಮೆ ಇರಲಿ, ಆಮೇಲೆ ಏರಿಸಿ. ಉಳಿ ಹರಿತ ಇದ್ದರೆ ಕಾಫಿ ಮರ ಸಿಪ್ಪೆ ಸುಲಿದ ಹಾಗೆ ಉದ್ದುದ್ದ ಎಳೆಯಾಗಿ ಬರುತ್ತದೆ, ಪುಡಿ ಬರುತ್ತಿದೆ ಅಂದರೆ ಉಳಿ ಸಾಣೆ ಕೇಳುತ್ತಿದೆ. ಬೇಲೂರು, ಹಳೇಬೀಡಿನ ಕಡೆದ ಕಂಬಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ ಬನ್ನಿ, ಎಲ್ಲಿ ಉಬ್ಬಬೇಕು, ಎಲ್ಲಿ ಇಳಿಯಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಪಾಠ ನಮ್ಮ ಜಿಲ್ಲೆಯಲ್ಲಿಲ್ಲ.

150ರಿಂದ ಶುರುಮಾಡಿ 600ರ ಸ್ಯಾಂಡ್ ಪೇಪರ್‌ವರೆಗೆ ಹೋಗಿ. ಪ್ರತಿ ನಂಬರ್ ಮುಗಿದಾಗ ಲೇತ್ ನಿಲ್ಲಿಸಿ ಉದ್ದಕ್ಕೂ ಒಮ್ಮೆ ಉಜ್ಜಿ, ಅಡ್ಡ ಗೀರು ಹೋಗುತ್ತದೆ. ಹಿತ್ತಾಳೆ ಮತ್ತು ಮರವನ್ನು ಒಟ್ಟಿಗೆ ಉಜ್ಜಲೇಬೇಡಿ. ಹಿತ್ತಾಳೆ ಪುಡಿ ತಿಳಿ ಮರದೊಳಗೆ ಕೂತು ಕಪ್ಪಾಗುತ್ತದೆ. ಪಾಲಿಶ್‌ಗೆ ಸೂಪರ್ ಗ್ಲೂವನ್ನು ತೆಳ್ಳಗೆ ಹಲವು ಪದರ ಹಚ್ಚುವವರಿದ್ದಾರೆ, ಗಾಜಿನ ಹಾಗೆ ಹೊಳೆಯುತ್ತದೆ, ಬೆವರಿಗೂ ಜಗ್ಗುವುದಿಲ್ಲ. ನನಗೆ ಇಷ್ಟ ಚನ್ನಪಟ್ಟಣದ ರೀತಿ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮೈಗೆ ಹಿಡಿಯುತ್ತದೆ. ಮರ ಮುಟ್ಟಿದ ಹಾಗೇ ಇರುತ್ತದೆ.

ಜೋಡಿಸುವಾಗ ಸುತ್ತಿಗೆ ಬೇಡ. ಬೆಂಚ್ ವೈಸ್‌ನ ದವಡೆಗೆ ಮರದ ಚೂರು ಕೊಟ್ಟು ಮೆಲ್ಲಗೆ ಒತ್ತಿ. ಮೊದಲು ಮರದ ಅರ್ಧದ ಕೆಳತುದಿಗೆ ನಿಬ್ ತುದಿ, ಆಮೇಲೆ ಮೇಲ್ತುದಿಗೆ ತಿರುಗಿಸುವ ಭಾಗ. ಇದನ್ನು ಸ್ವಲ್ಪ ಒತ್ತಿ, ರೀಫಿಲ್ ಹಾಕಿ ನೋಡಿ, ಮತ್ತೆ ಸ್ವಲ್ಪ ಒತ್ತಿ. ಜಾಸ್ತಿ ಒಳಗೆ ಹೋದರೆ ನಿಬ್ ಮತ್ತೆ ಒಳಕ್ಕೆ ಬರುವುದಿಲ್ಲ. ಕೊನೆಗೆ ನಡುಪಟ್ಟಿ ತೂರಿಸಿ, ಕ್ಲಿಪ್ ಕೂರಿಸಿದ ಹಿತ್ತಾಳೆ ಅರ್ಧವನ್ನು ಮೇಲಿಂದ ಒತ್ತಿ ಸೇರಿಸಿ.

ಹಿತ್ತಾಳೆ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಹೊಳಪು ಬೇಕಾದರೆ ಮೇಲಿನ ಅರ್ಧವನ್ನು ಎಳೆದು ಬಿಡಿಸಿ, ಅದನ್ನಷ್ಟೇ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಒಳಗೂ ಪೂರ್ತಿ ಒಣಗಿದ ಮೇಲೆ ಮರದ ಅರ್ಧಕ್ಕೆ ಸೇರಿಸಿ.