ಒಂದು ವಿಂಚ್, ಒಂದು ರೋಲರ್: ಸ್ಲೆಡ್ ಏರಿಸೋಕೆ ಪಿಕಪ್‌ನಲ್ಲಿ ನಾನೇ ಮಾಡಿದ ವಾಲುವ ಡೆಕ್

ಕಳೆದ ಫೆಬ್ರವರಿಯ ಒಂದು ಶನಿವಾರ. ಮಿನೆಸೋಟದ ಟೂ ಹಾರ್ಬರ್ಸ್ ಹತ್ತಿರದ ಟ್ರೇಲ್ ಪಾರ್ಕಿಂಗ್, ಮೈನಸ್ 12 ಫ್ಯಾರನ್‌ಹೀಟ್. ನಾನೊಬ್ಬನೇ ಇದ್ದೆ. 520 ಪೌಂಡ್ ಸ್ಲೆಡ್ಡನ್ನು, ಅಂದರೆ ಹಿಮದ ಮೇಲೆ ಓಡಿಸುವ ಸ್ನೋಮೊಬೈಲನ್ನು, ಪಿಕಪ್ಪಿಗೆ ಏರಿಸಿ, ಪಟ್ಟಿ ಬಿಗಿದು, ಒಳಗೆ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುವ ಹೊತ್ತಿಗೆ ಏಳು ನಿಮಿಷ ಆಗಿತ್ತು. ಪಕ್ಕದಲ್ಲಿ ಇಬ್ಬರು ರ‍್ಯಾಂಪ್ ಇಟ್ಟುಕೊಂಡು, ಒಬ್ಬ ಹಿಡಿದು ಒಬ್ಬ ಓಡಿಸಿ, ರ‍್ಯಾಂಪ್ ಜಾರಿ, ಮತ್ತೆ ಇಟ್ಟು, ಇನ್ನೂ ಒದ್ದಾಡುತ್ತಿದ್ದರು. ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಯಾಕಂದ್ರೆ ಪಿಕಪ್ಪಿನ ಹಿಂದೆ ನಾನೇ ಕಟ್ಟಿದ ಈ ವಾಲುವ ಹಲಗೆ, ಅಂದರೆ ಡೆಕ್, ಆಗಲ್ಲ ಅಂತ ಹೇಳದವರೇ ಇರಲಿಲ್ಲ. ನನ್ನ ಆಫೀಸಿನಲ್ಲಿ ಒಬ್ಬರು ರೋಸೋ ಕಡೆಯವರು. ರೋಸೋ ಅಂದರೆ ಸ್ಲೆಡ್ ಮಾಡುವ ಪೊಲಾರಿಸ್ ಕಂಪನಿ ಹುಟ್ಟಿದ ಊರು, ಅಲ್ಲಿನ ಮಕ್ಕಳು ನಡೆಯೋದಕ್ಕಿಂತ ಮುಂಚೆ ಸ್ಲೆಡ್ ಹತ್ತುತ್ತಾರೇನೋ. ಅವರು ನನ್ನ ಚಿತ್ರ ನೋಡಿ, ಟ್ರೇಲರ್ ತಗೋ, ಇಲ್ಲಾಂದ್ರೆ ರೆಡಿ ಡೆಕ್ ತಗೋ, ಇದು ಎರಡೂ ಅಲ್ಲ ಅಂದರು. ಇಲ್ಲಿರುವ ಹಾಸನದ ಗೆಳೆಯ ಇನ್ನೂ ಒಂದು ಹೆಜ್ಜೆ ಮುಂದೆ. "ಗುರು, ಇದರಲ್ಲಿ ಕಾಲು ಮುರ್ಕೊಂಡ್ರೆ ಇನ್ಶೂರೆನ್ಸ್‌ನವರಿಗೆ ಏನಂತ ಹೇಳ್ತೀಯ?" ಅಂದ.

ಟ್ರೇಲರ್ ನನಗೆ ಆಗದ ಮಾತು. ನಾವಿರುವುದು ಟ್ವಿನ್ ಸಿಟೀಸ್‌ನ ಉತ್ತರದ ಕಡೆ ಟೌನ್‌ಹೋಂನಲ್ಲಿ. ಮನೆಮಾಲೀಕರ ಸಂಘದವರು ಟ್ರೇಲರ್ ಹೊರಗೆ ನಿಲ್ಲಿಸೋಕೆ ಬಿಡಲ್ಲ. ಒಂದು ರಾತ್ರಿ ಗೆಳೆಯನ ಟ್ರೇಲರ್ ನಿಲ್ಲಿಸಿದ್ದಕ್ಕೇ ಕಾಗದ ಬಂದಿತ್ತು. ಹಿಮ ಬಿದ್ದ ಪಾರ್ಕಿಂಗಿನಲ್ಲಿ ಟ್ರೇಲರ್ ರಿವರ್ಸ್ ತೆಗೆಯೋದು ಬೇರೆ ತಲೆನೋವು. ರೆಡಿ ಅಲ್ಯೂಮಿನಿಯಂ ಡೆಕ್ ಕೇಳಿದರೆ ನಾಲ್ಕು ಸಾವಿರ ಡಾಲರ್ ಆಸುಪಾಸು. ವರ್ಷಕ್ಕೆ ಏಳೆಂಟು ಸಲ ಹೋಗುವವನಿಗೆ ಅಷ್ಟು ಯಾಕೆ?

2023–24ರ ಚಳಿಗಾಲ ನೆನಪಿದೆಯಲ್ವಾ, ಮಿನೆಸೋಟದಲ್ಲಿ ಹಿಮವೇ ಇಲ್ಲ. ಸ್ಲೆಡ್ ಗ್ಯಾರೇಜಿನಲ್ಲಿ ಸುಮ್ನೆ ನಿಂತಿತ್ತು. ಕೈಯೂ ಸುಮ್ನಿರಲಿಲ್ಲ. ಆಗ ಶುರು ಮಾಡಿದ್ದು.

ಮೊದಲನೇ ಡೆಕ್ ಮರದ್ದು. ಕೊಳೆಯದ ಹಾಗೆ ಟ್ರೀಟ್ ಮಾಡಿದ ಟೂ ಬೈ ಸಿಕ್ಸ್ ಮರದ ಚೌಕಟ್ಟು, ಮೇಲೆ ಮುಕ್ಕಾಲು ಇಂಚು ಪ್ಲೈವುಡ್, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ. ಬೆಡ್‌ನ ಹಿಂದಿನ ಅಂಚಿನಲ್ಲಿ ಎರಡು ದಪ್ಪ ಹಿಂಜ್ (ಬೆಡ್ ಅಂದರೆ ಪಿಕಪ್ಪಿನ ಹಿಂದಿನ ಸಾಮಾನು ತೊಟ್ಟಿ). ಡೆಕ್ ಅಲ್ಲೇ ವಾಲಬೇಕು, ಸ್ಲೆಡ್ ಓಡಿಸಿಕೊಂಡು ಹತ್ತಬೇಕು, ಭಾರ ಮುಂದಕ್ಕೆ ಬಂದ ಕೂಡಲೇ ತಾನೇ ಸಮ ಆಗಬೇಕು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಹಿಂಜ್‌ನಿಂದ ಹಿಂದಕ್ಕೆ ನನಗೆ ಸಿಕ್ಕಿದ್ದು ಐದಡಿ ಮಾತ್ರ, ನೆಲದಿಂದ ಬೆಡ್ 38 ಇಂಚು ಎತ್ತರ. ಅಂದರೆ ಹೆಚ್ಚುಕಮ್ಮಿ 40 ಡಿಗ್ರಿ. ಗೋಡೆ ಹತ್ತಿದ ಹಾಗೆ. ಅಷ್ಟು ಕಡಿದಾದ ಕಡೆ ಥ್ರಾಟಲ್ ಕೊಟ್ಟು ಹತ್ತಿ, ಸರಿಯಾದ ಜಾಗದಲ್ಲಿ ಬ್ರೇಕ್ ಹಿಡಿಯದೇ ಇದ್ದರೆ ಸ್ಲೆಡ್ ಸೀದಾ ಹಿಂದಿನ ಗಾಜಿನೊಳಗೆ. ಒಂದೇ ಸಲ ಹತ್ತಿದ್ದು. ಗಾಜಿಗೆ ಒಂದು ಅಡಿ ಬಿಟ್ಟು ನಿಂತಿತು. ಇಳಿದು ಬಂದು ಗ್ಯಾರೇಜಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತೆ.

ಮುಂದಿನ ಬೇಸಿಗೆಯಲ್ಲಿ ಬಿಚ್ಚುವಾಗ ಇನ್ನೊಂದು ಪಾಠ. ಟ್ರೀಟ್ ಮಾಡಿದ ಮರದಲ್ಲಿ ತಾಮ್ರ ಇರುತ್ತೆ. ಅದು ತಾಗಿದ ಕಡೆಯೆಲ್ಲ ಅಲ್ಯೂಮಿನಿಯಂ ಪಟ್ಟಿ ಬಿಳಿ ಪುಡಿ ಪುಡಿ ಆಗಿತ್ತು, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ನನ್ನ ಎಫ್-150 ಪಿಕಪ್ಪಿನ ಬೆಡ್ಡೂ ಅಲ್ಯೂಮಿನಿಯಮ್ಮೇ. ಇನ್ನೆರಡು ವರ್ಷ ಬಿಟ್ಟಿದ್ದರೆ ಗತಿ ಏನು? ಮರಕ್ಕೆ 160 ಡಾಲರ್ ಹೋಯಿತು.

ಆ ಡೆಕ್ಕಿಗೇ ಎತ್ತಲು ಸಹಾಯ ಆಗಲಿ ಅಂತ ಎರಡು ಗ್ಯಾಸ್ ಸ್ಟ್ರಟ್ ಹಾಕಿದ್ದೆ, ಕಾರಿನ ಡಿಕ್ಕಿ ಎತ್ತಿ ಹಿಡಿಯುತ್ತಲ್ಲ, ಅಂಥವು. ಅಕ್ಟೋಬರಿನಲ್ಲಿ ಒಂದು ಬೆರಳಲ್ಲಿ ಏಳುತ್ತಿತ್ತು. ಜನವರಿಯಲ್ಲಿ ಎರಡು ಕೈ ಸಾಲಲಿಲ್ಲ. ಅನುಮಾನ ಬಂದು ಒಂದನ್ನು ಬಿಚ್ಚಿ, ಬೆಚ್ಚಗಿನ ಕೋಣೆಯಲ್ಲಿ ತೂಕದ ಮಷಿನ್ ಮೇಲೆ ನೆಟ್ಟಗೆ ಒತ್ತಿ ನೋಡಿದೆ, 60 ಪೌಂಡ್ ತೋರಿಸಿತು. ಆಮೇಲೆ ರಾತ್ರಿಯಿಡೀ ಡೀಪ್ ಫ್ರೀಜರಿನಲ್ಲಿ ಇಟ್ಟೆ, ತೆಂಗಿನತುರಿ ಪ್ಯಾಕೆಟ್‌ಗಳ ಮಧ್ಯೆ. ಬೆಳಿಗ್ಗೆ ಒತ್ತಿದರೆ 50 ದಾಟಲಿಲ್ಲ. ಅದೂ ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಮೈನಸ್ 20ಕ್ಕೆ ಇನ್ನೂ ಕಮ್ಮಿ ಆಗುತ್ತೆ. ಅನಿಲ ತಣ್ಣಗಾದರೆ ಒತ್ತಡ ಇಳಿಯುತ್ತೆ, ಶಾಲೆಯಲ್ಲಿ ಓದಿದ್ದೇ. ನೆನಪಾಗೋಕೆ 85 ಡಾಲರ್ ಬೇಕಾಯಿತು. ತೆಂಗಿನತುರಿಗೆ ಗ್ರೀಸ್ ವಾಸನೆ ಅಂತ ಮನೆಯಲ್ಲಿ ಬೈಸಿಕೊಂಡಿದ್ದು ಲೆಕ್ಕಕ್ಕಿಲ್ಲ.

ದಾರಿ ತೋರಿಸಿದ್ದು ನಮ್ಮಪ್ಪ. ತಿಪಟೂರಿನ ಕಡೆ ಕೂತುಕೊಂಡು, ವೀಡಿಯೋ ಕಾಲ್‌ನಲ್ಲಿ. ಅವರಿಗೆ ಸ್ಲೆಡ್ ಅಂದರೇನು ಅಂತಲೇ ಗೊತ್ತಿಲ್ಲ. ಆದರೆ ಎತ್ತಿನ ಗಾಡಿಗೆ ತೆಂಗಿನಕಾಯಿ ತುಂಬಿದವರು. ಡೆಕ್ ವಾಲಿಸಿ ತೋರಿಸಿದೆ. "ಹಿಂಭಾರ ಆಗೈತೆ ಕಣೋ, ಅದಕ್ಕೇ ಮೂಕಿ ಎದ್ದೈತೆ. ಗಾಡೀನ ಯಾಕೆ ಬಗ್ಗಿಸ್ತೀಯ? ಭಾರಾನ ಅಚ್ಚಿನಿಂದ ಮುಂದಕ್ಕೆ ಎಳಿ, ಮೂಕಿ ತಾನೇ ಇಳೀತದೆ" ಅಂದರು. ಮೂಕಿ ಅಂದರೆ ಗಾಡಿಯ ಮುಂದಿನ ಉದ್ದ ಮರ, ನನ್ನ ಲೆಕ್ಕದಲ್ಲಿ ಡೆಕ್ಕಿನ ಮುಂದಿನ ತುದಿ. ಫೋನ್ ಇಟ್ಟ ಮೇಲೆ ಹೊಳೆಯಿತು. ಡೆಕ್ಕನ್ನು ಒಂದು ಜಾಗಕ್ಕೆ ಹಿಂಜ್ ಹಾಕಿ ಕಟ್ಟಿದ್ದೇ ತಪ್ಪು. ಅಚ್ಚು ಅಲ್ಲೇ ಇರಲಿ, ಡೆಕ್ಕೇ ಅದರ ಮೇಲೆ ಜಾರಲಿ. ಕೆಟ್ಟ ಕಾರು ಹೊತ್ತೊಯ್ಯುವ ರೋಲ್‌ಬ್ಯಾಕ್ ಲಾರಿ ಇದೇ ಕೆಲಸ ಮಾಡುತ್ತೆ ಅಂತ ಆಮೇಲೆ ನೆನಪಾಯಿತು. ದಿನಾ ನೋಡುವುದೇ, ತಲೆಗೆ ಹೋಗಿರಲಿಲ್ಲ.

ಎರಡನೇ ಡೆಕ್ಕಿನ ಚೌಕಟ್ಟು ಪೂರ್ತಿ ಅಲ್ಯೂಮಿನಿಯಂ ಚಾನೆಲ್, ಮೇಲೆ ಪ್ಲೈವುಡ್. ಒಂಬತ್ತಡಿ ಉದ್ದ, ನಾಲ್ಕಡಿ ಅಗಲ. ವೀಲ್‌ವೆಲ್‌ಗಳ (ಬೆಡ್ ಒಳಗಿನ ಚಕ್ರದ ಉಬ್ಬು) ಮಧ್ಯೆ 50 ಇಂಚು ಚಿಲ್ಲರೆ ಸಿಗುತ್ತೆ, ಹಾಗಾಗಿ ಎರಡೂ ಕಡೆ ಒಂದೊಂದು ಇಂಚು ಗಾಳಿ. ಟೈಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಚಳಿಗಾಲವಿಡೀ ಗ್ಯಾರೇಜಿನಲ್ಲೇ. ಬೆಡ್‌ನ ಹಿಂದಿನ ಅಂಚಿನಲ್ಲಿ ಅಡ್ಡಕ್ಕೆ ಒಂದು ಅಚ್ಚು, ಅದರ ಮೇಲೆ ದೋಣಿ ಟ್ರೇಲರಿನ ರೋಲರ್ ನಾಲ್ಕು. ಈ ರಾಜ್ಯದಲ್ಲಿ ದೋಣಿ ಸಾಮಾನಿಗೆ ಬರವಿಲ್ಲ. ಡೆಕ್ಕಿನ ಮುಂದಿನ ತುದಿಯ ಕೆಳಗೆ ಎರಡು ಚಕ್ರ, ಅವು ಬೆಡ್ ಮೇಲೆ ಓಡುತ್ತವೆ. ಬೆಡ್ ನೆಲ ಏಣು ಏಣಾಗಿರುತ್ತಲ್ಲ, ಚಕ್ರ ಟಕಟಕ ಅಂತ ಸಿಕ್ಕಿಕೊಳ್ಳುತ್ತಿತ್ತು. ಎರಡು ಆ್ಯಂಗಲ್ ಪಟ್ಟಿ ಹಳಿ ಥರ ಹಾಸಿದ ಮೇಲೆ ಸರಿಹೋಯಿತು. ಕಬ್ಬಿಣ ಬೆಡ್ಡಿಗೆ ನೇರ ತಾಗದ ಹಾಗೆ ಕೆಳಗೆ ಹಳೇ ರಬ್ಬರ್ ಮ್ಯಾಟ್ ಕತ್ತರಿಸಿ ಹಾಕಿದೆ, ಇಲ್ಲಾಂದ್ರೆ ಉಳಿದಿದ್ದನ್ನು ರಸ್ತೆ ಉಪ್ಪು ನೋಡಿಕೊಳ್ಳುತ್ತೆ.

ಡೆಕ್ ಹಿಂದಕ್ಕೆ ಎಳೆದಾಗ ಏಳೂವರೆ ಅಡಿ ಹೊರಗೆ ಬಂದು ನೆಲ ಮುಟ್ಟುತ್ತೆ. ವಾಲು 25 ಡಿಗ್ರಿ. ಮೋಟಾರಿನಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚ್ ಬೆಡ್‌ನ ಮುಂದಿನ ಗೋಡೆ ಹತ್ತಿರ. ಅದರ ಹಗ್ಗ ಡೆಕ್ಕಿನ ಮುಂದಿನ ತುದಿಯ ಸಣ್ಣ ರೋಲರ್ ಮೇಲಿಂದ ಹಾದು ಸ್ಲೆಡ್ಡಿನ ಮುಂದಿನ ಎರಡು ಸ್ಕೀಗಳ (ಹಿಮದ ಮೇಲೆ ಜಾರುವ ಪಟ್ಟಿ) ಕೊಂಡಿಗೆ. ಬಟನ್ ಒತ್ತಿದರೆ ಸ್ಲೆಡ್ ಹತ್ತುತ್ತೆ. ಸ್ಕೀ ಮುಂದಿನ ತಡೆಗೆ ತಾಗುತ್ತೆ. ವಿಂಚ್ ನಿಲ್ಲಿಸೋದು ಬೇಡ, ಈಗ ಅದೇ ಹಗ್ಗ ಸ್ಲೆಡ್ ಜೊತೆ ಡೆಕ್ಕನ್ನೂ ಎಳೆಯುತ್ತೆ. ಭಾರ ಅಚ್ಚು ದಾಟುತ್ತೆ. ಮೂಕಿ ಇಳಿಯುತ್ತೆ. ಇಳಿಸುವಾಗ ಇದೆಲ್ಲ ಉಲ್ಟಾ, ಮೊದಲು ಒಂದು ಸಲ ಕೈಯಿಂದ ಎಳೆಯಬೇಕು ಅಷ್ಟೇ.

ಹೇಳೋಕೆ ಸುಲಭ. ಅಚ್ಚನ್ನು ಮೊದಲು ಬೆಡ್ ತಗಡಿಗೇ ಬೋಲ್ಟ್ ಮಾಡಿದ್ದೆ, ಒಂದೇ ಸಲಕ್ಕೆ ತಗಡು ಹಳ್ಳ ಬಿತ್ತು. ಆಮೇಲೆ ಟ್ರೇಲರ್ ಕೊಂಡಿ ಸಿಕ್ಕಿಸುವ ಹಿಚ್ ರಿಸೀವರಿನಿಂದ ಮೇಲಕ್ಕೆ ಚೌಕ ಪೈಪಿನ ಕಂಬ ಕೊಟ್ಟೆ. ವಿಂಚಿಗೆ ಟ್ರೇಲರ್ ಸಾಕೆಟ್ಟಿನಿಂದ ಕರೆಂಟ್ ತೆಗೆದೆ. 30 ಆಂಪ್ ಫ್ಯೂಸ್, ವಿಂಚ್ ಭಾರ ಎಳೆಯುವಾಗ ಕೇಳೋದು ಅದರ ಎರಡು ಮೂರು ಪಟ್ಟು. ಸ್ಲೆಡ್ ಅರ್ಧ ಹತ್ತಿದಾಗ ಟಪ್. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಯಬೇಕಾಯಿತು, ಬ್ಯಾಟರಿ ಹತ್ತಿರವೇ ಅದಕ್ಕೆ ತಕ್ಕ ಬ್ರೇಕರ್ ಹಾಕಿ.

ಎಲ್ಲಕ್ಕಿಂತ ಕೆಟ್ಟದ್ದು ಡಿಸೆಂಬರಿನ ಒಂದು ಸಂಜೆ. ಟ್ರೇಲ್ ಮುಗಿಸಿ ಬಂದಿದ್ದೆ, ಸ್ಲೆಡ್ಡನ್ನು ಓಡಿಸುವ ಹಿಂದಿನ ರಬ್ಬರ್ ಪಟ್ಟಿಯಲ್ಲಿ (ಟ್ರ್ಯಾಕ್) ಮಂಜು ಗಟ್ಟಿಯಾಗಿ ಅದು ಉರುಳುತ್ತಿರಲಿಲ್ಲ, ಸ್ಕೀ ಕೆಳಗಿನ ಚೂಪಾದ ಕಾರ್ಬೈಡ್ ಲೋಹದ ಅಂಚು ಪ್ಲೈವುಡ್ಡಿಗೆ ಕಚ್ಚಿಕೊಂಡಿತು. ಸ್ಲೆಡ್ ಡೆಕ್ ಮೇಲೆ ಜಾರೋ ಬದಲು, ಡೆಕ್ಕೇ ಸ್ಲೆಡ್ ಜೊತೆ ಮುಂದಕ್ಕೆ ಹೊರಟಿತು. ಕಾಲುಭಾಗವೂ ಹತ್ತಿರಲಿಲ್ಲ. ಡೆಕ್ಕಿನ ಬಾಲ ನೆಲ ಬಿಟ್ಟು ಎದ್ದಿತು, ಸ್ಲೆಡ್ಡಿನ ಬಾಲ ಇನ್ನೂ ನೆಲದ ಮೇಲೆ, ಮಧ್ಯೆ ಹುಡ್ ಕೆಳಗೆ ಕರ್ ಅಂತ ಸದ್ದು. ಸ್ಲೆಡ್ಡಿನ ಹೊಟ್ಟೆ ಕೆಳಗಿನ ಮುಚ್ಚಳದ (ಬೆಲ್ಲಿ ಪ್ಯಾನ್) ಆ ಸೀಳು ಈಗಲೂ ಇದೆ, ಟೇಪ್ ಹಾಕಿದ್ದೇನೆ. ಅವತ್ತು ಅಪರಿಚಿತರು ಮೂವರು ಬಂದು ಎತ್ತಿಕೊಟ್ಟರು. ಹಾಸನದ ಗೆಳೆಯ ಫೋನಿನಲ್ಲಿ ಕೇಳಿ ನಕ್ಕಿದ್ದು ಎಷ್ಟು ಹೊತ್ತು ಅಂತ ಹೇಳಲ್ಲ.

ಎರಡು ಬದಲಾವಣೆ ಮಾಡಿದೆ. ಸ್ಕೀ ಹೋಗುವ ದಾರಿಗೆ ದಪ್ಪ ಬಿಳಿ ಪ್ಲಾಸ್ಟಿಕ್ ಪಟ್ಟಿ, ಹೋಟೆಲಿನವರು ತರಕಾರಿ ಹೆಚ್ಚುವ ಬೋರ್ಡಿನದ್ದೇ ಜಾತಿ. ಮುಚ್ಚಿದ ಹೋಟೆಲೊಂದರ ಸಾಮಾನು ಮಾರಾಟದಲ್ಲಿ ನಾಲ್ಕು ದೊಡ್ಡ ಬೋರ್ಡ್ 70 ಡಾಲರಿಗೆ ಸಿಕ್ಕಿತು, ಈರುಳ್ಳಿ ವಾಸನೆ ಉಚಿತ. ಎರಡನೆಯದು ಒಂದು ಲಾಚ್. ಡೆಕ್ ಪೂರ್ತಿ ಹೊರಗೆ ಬಂದಾಗ ಅದು ಅಚ್ಚಿಗೆ ಕಚ್ಚಿಕೊಳ್ಳುತ್ತೆ, ಸ್ಕೀ ಬಂದು ಮುಂದಿನ ತಡೆ ಒತ್ತಿದಾಗಲೇ ಬಿಡುತ್ತೆ. ಅಲ್ಲಿವರೆಗೆ ಸ್ಲೆಡ್ ಎಷ್ಟು ಕಚ್ಚಿಕೊಂಡರೂ ಡೆಕ್ ಅಲ್ಲಾಡಲ್ಲ. ಆ ಲಾಚಿನ ಆಕಾರ, ಅದನ್ನು ಎಲ್ಲಿ ಕೂರಿಸಿದ್ದು ಅಂತ ಇಲ್ಲಿ ಬರೆಯಲ್ಲ. ಮೂರು ವಾರಾಂತ್ಯ ತಿಂದಿದೆ ಅದು. ಒಂದು ಹಳೇ ಡೋರ್ ಲಾಕಿನಿಂದ ಶುರುವಾಯಿತು ಅಂತ ಮಾತ್ರ ಹೇಳಬಲ್ಲೆ.

ಇನ್ನು ಡೆಕ್ ಸಮ ಆಗುವಾಗ ಬೀಳುವ ಪೆಟ್ಟು. 700 ಪೌಂಡ್ ಧಡಾರ್ ಅಂತ ಬೀಳುತ್ತೆ. ಮೊದಲು ಟಯರ್ ತುಂಡು ಇಟ್ಟೆ. ಚಳಿಗೆ ಅದು ಕಲ್ಲಾಯಿತು. ವರ್ಕ್‌ಶಾಪಿನಲ್ಲಿ ಬಿಸಾಕಿದ್ದ ಹಳೇ ಶಾಕ್ ಅಬ್ಸಾರ್ಬರ್ ಒಂದನ್ನು ಕೇಳಿ ತಂದು ಓರೆಯಾಗಿ ಹಾಕಿದೆ. ಎಣ್ಣೆ ಸೋರಿ ಅರ್ಧ ಸತ್ತಿದ್ದೇ ಒಳ್ಳೆಯದಾಯಿತು. ಹೊಸದು ಹಾಕಿ ನೋಡಿದೆ, ಮೈನಸ್ 10ಕ್ಕೆ ಎಣ್ಣೆ ಗಟ್ಟಿಯಾಗಿ ಡೆಕ್ ಇಳಿಯಲೇ ಇಲ್ಲ, ನಾನೇ ಮೇಲೆ ಹತ್ತಿ ಕುಣಿದೆ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಚಾನೆಲ್ 280. ನನಗೆ ಅಲ್ಯೂಮಿನಿಯಂ ವೆಲ್ಡಿಂಗ್ ಬರಲ್ಲ, ನಾಲ್ಕು ಮೂಲೆಗೆ ಕೊಟ್ಟ ಕೂಲಿ 150, ಉಳಿದದ್ದು ಬೋಲ್ಟ್. 2,000 ಪೌಂಡ್ ವಿಂಚ್ ಸೇಲ್‌ನಲ್ಲಿ 110. ರೋಲರ್, ಅಚ್ಚು 60. ಹಿಚ್ ಕಂಬ 40. ಪ್ಲೈವುಡ್ 55, ಈರುಳ್ಳಿ ಬೋರ್ಡ್ 70. ವೈರ್, ಬ್ರೇಕರ್, ಸ್ಟೇನ್‌ಲೆಸ್ ಬೋಲ್ಟ್ ಎಲ್ಲ ಸೇರಿ ನೂರರ ಮೇಲೆ, ಸರಿಯಾಗಿ ಬರೆದಿಟ್ಟಿಲ್ಲ. ಹೆಚ್ಚುಕಮ್ಮಿ 870. ಮರಕ್ಕೂ ಸ್ಟ್ರಟ್‌ಗೂ ಸುರಿದ 245 ಸೇರಿಸಿದರೆ 1,100ರ ಸುತ್ತ. ರೆಡಿ ಡೆಕ್ಕಿನ ಕಾಲು ಬೆಲೆ ಅಂತ ನಾನು ಹೇಳುತ್ತೇನೆ. ಗ್ಯಾರೇಜಿನಲ್ಲಿ ಕಳೆದ ಶನಿವಾರಗಳ ಕೂಲಿ ಎಷ್ಟು ಅಂತ ಹೆಂಡತಿ ಕೇಳುತ್ತಾಳೆ.

ಬೇಸಿಗೆಯಲ್ಲೂ ಬಿಚ್ಚಿಲ್ಲ. ಇದೇ ಡೆಕ್ಕಿನಲ್ಲಿ ಗೆಳೆಯನ ಮನೆಯ ಫ್ರಿಜ್ ಸಾಗಿಸಿದೆವು, ನಿಲ್ಲಿಸಿಕೊಂಡೇ. ಫ್ರಿಜ್ಜಿನ ಭಾರ ಮೇಲಿರುತ್ತೆ, ಅಚ್ಚು ದಾಟುವಾಗ ಎದೆ ಹೊಡೆದುಕೊಂಡಿತು, ಅದನ್ನು ನೀವು ಮಾಡಬೇಡಿ. ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಮಾತ್ರ ಬೆಣ್ಣೆ ಹಾಗೆ ಹತ್ತುತ್ತೆ. ಹಾಸನದವನು ಈಗ ಅಳತೆ ಕೇಳುತ್ತಿದ್ದಾನೆ. ರೋಸೋದವರು ಒಂದು ದಿನ ಬಂದು, ಎರಡು ಸಲ ಹತ್ತಿಸಿ ಇಳಿಸಿ ನೋಡಿ, ಏನೂ ಹೇಳದೆ ಶಾಕ್ ಅಬ್ಸಾರ್ಬರ್ ಹತ್ತಿರ ಬಗ್ಗಿ ಫೋಟೋ ತೆಗೆದುಕೊಂಡು ಹೋದರು.

ಒಂದು ತೊಂದರೆ ಇನ್ನೂ ಉಳಿದಿದೆ. ವಿಂಚಿಗೆ ಕಬ್ಬಿಣದ ಹಗ್ಗ ತೆಗೆದು ನೈಲಾನ್ ಥರದ್ದು ಹಾಕಿದ್ದೇನೆ, ಕೈ ಕುಯ್ಯಲ್ಲ ಅಂತ. ಅದು ನೀರು ಕುಡಿದು ರಾತ್ರಿ ಹೆಪ್ಪುಗಟ್ಟಿದರೆ ಕೋಲಿನ ಹಾಗೆ ನಿಂತುಬಿಡುತ್ತೆ, ಮುಂದಿನ ಸಣ್ಣ ರೋಲರ್ ಮೇಲಿಂದ ಬಗ್ಗದೆ ಪಕ್ಕಕ್ಕೆ ಹಾರಿ ಅಂಚಿಗೆ ಉಜ್ಜುತ್ತೆ. ಒಂದು ಎಳೆ ಆಗಲೇ ಸವೆದಿದೆ. ಸದ್ಯಕ್ಕೆ ಪ್ರತಿ ಸಲ ಹಗ್ಗ ಬಿಚ್ಚಿ ಮನೆಯ ಫರ್ನೇಸ್ ಪಕ್ಕ ಒಣಗಿಸುತ್ತಿದ್ದೇನೆ. ಎರಡೂ ಕಡೆ ಎತ್ತರದ ಕಿವಿ ಇರುವ, ಎರಡೂವರೆ ಇಂಚಿನ ರೋಲರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನವೆಂಬರಿಗೆ ಮುಂಚೆ ಬೇಕು.